ಹೆಬ್ಬೆರಳಿಗೊಂದು ಗೋಡೆ

ಆಕೆ ಮೊದಲ ಸಲ ನನ್ನ ಕಾರ್ಯಾಗಾರಕ್ಕೆ ಬಂದಾಗ ತಂದದ್ದು ಪಿಸ್ತೂಲನ್ನಲ್ಲ, ಅದರ ಹಿಡಿಕೆಯನ್ನು ಮಾತ್ರ. ಮೈಮೇಲೆ ಸಾರಿಗೆ ಬಸ್ಸಿನ ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ. ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದ ಕಟ್ಟಿಗೆಯ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲೇ ಯಾರಿಗೋ ಮಾಡಿದ್ದ ಕೃತಕ ಕಾಲೊಂದು ಒಣಗುತ್ತಿತ್ತು.

"ಇದನ್ನ ನನ್ನ ಕೈಗೆ ಹೊಂದೂ ಹಂಗ ಮಾಡಿಕೊಡ್ತೀರೇನ್ರಿ ಮೇಡಂ? ಬೆಳಗಾವ್ಯಾಗ ಕೈಕಾಲಿನ ಅಳತಿ ತಗೊಂಡು ಕೆಲಸ ಮಾಡಾವ್ರು ನೀವ ಅಂತ ಕೋಚ್ ಸರ್ ಹೇಳಿ ಕಳಿಸ್ಯಾರ."

ಶಿವಬಸವ ನಗರದಲ್ಲಿ ನೆಲಮಹಡಿಯ ಎರಡು ಕೋಣೆಗಳಲ್ಲಿ ನನ್ನ ಕೆಲಸ. ಕಾಲು ಕಳೆದುಕೊಂಡವರಿಗೆ ಕಾಲು, ಕೈ ಸೋತವರಿಗೆ ಪಟ್ಟಿ, ಬೆನ್ನು ಬಾಗಿದವರಿಗೆ ಬೆಲ್ಟು. ಬಂದೂಕಿಗೂ ನನಗೂ ಸಂಬಂಧವೇ ಇಲ್ಲ. ನಾವು ಜೈನರು, ಸೊಳ್ಳೆ ಹೊಡೆಯುವ ಬ್ಯಾಟು ಕೂಡ ನಮ್ಮ ಮನೆಯೊಳಗೆ ಬಂದಿಲ್ಲ. ಇಲ್ಲ ಎಂದು ಹೇಳಿ ಕಳಿಸಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದು ತೋರಿಸಿದಳು. ಹೆಬ್ಬೆರಳಿನ ಬುಡ ಹೊರಕ್ಕೆ ಗಂಟಿನಂತೆ ಎದ್ದುಬಂತು. ಅದನ್ನು ನೋಡಿದ ಮೇಲೆ ಇಲ್ಲ ಅನ್ನುವುದು ನನ್ನಿಂದ ಆಗಲಿಲ್ಲ.

ಆಕೆ ಬೆಳಗಾವಿ–ಖಾನಾಪುರ ಬಸ್ಸಿನ ಕಂಡಕ್ಟರ್. ಕಾಲೇಜಿನ ಎನ್‌ಸಿಸಿಯಲ್ಲಿ ಗುರಿ ಹೊಡೆಯುವುದನ್ನು ಕಲಿತು, ನೌಕರಿ ಸಿಕ್ಕ ಮೇಲೂ ಬಿಡದೆ, ವಾರದ ರಜೆಯಲ್ಲಿ ರಾಮತೀರ್ಥ ನಗರದ ಆಚೆಗಿನ ಒಂದು ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಿದ್ದಳು. ಹತ್ತು ಮೀಟರಿನ ಏರ್ ಪಿಸ್ತೂಲು. ಪಿಸ್ತೂಲು ಕ್ಲಬ್ಬಿನದು, ಅದು ಅಲ್ಲಿಯ ಕಬ್ಬಿಣದ ಕಪಾಟು ಬಿಟ್ಟು ಹೊರಗೆ ಬರುವಂತಿಲ್ಲ. ಹಿಡಿಕೆ ಮಾತ್ರ ಒಂದೇ ಸ್ಕ್ರೂ ಬಿಚ್ಚಿದರೆ ಕಳಚಿ ಬರುತ್ತದೆ. ನೌಕರಿಗೆ ಸೇರಿ ಕ್ಲಬ್ಬಿನಲ್ಲಿ ಪಿಸ್ತೂಲು ಹಿಡಿದ ಮೊದಲ ವರ್ಷವೇ ಬಸ್ಸಿಗೆ ಎಮ್ಮೆಗಳು ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ, ಮೇಲಿನ ರಾಡಿಗೆ ಜೋತಿದ್ದ ಆಕೆಯ ಹೆಬ್ಬೆರಳು ಹಿಂದಕ್ಕೆ ಮಡಚಿತ್ತು. ಬುಡದ ಕೀಲು ಅಂದಿನಿಂದ ಸಡಿಲ. ಈಗ ಡಾಕ್ಟರು, ಹಿಂಗೇ ಇನ್ನೊಂದು ವರ್ಷ ಎಳೆದರೆ ಕೀಲು ಪೂರ್ತಿ ಹೋಗುತ್ತದೆ ಎಂದಿದ್ದರು. ಬೆಳಗಾವಿಯ ಅದೇ ಕ್ಲಬ್ಬಿನಲ್ಲಿ ನಡೆಯಲಿದ್ದ ವಲಯ ಮಟ್ಟದ ಆಯ್ಕೆ ಸ್ಪರ್ಧೆಗೆ ಎರಡು ತಿಂಗಳಿತ್ತು. ಹಿಂದೆ ಎರಡು ಸಲ ಸ್ವಲ್ಪದರಲ್ಲೇ ತಪ್ಪಿತ್ತಂತೆ.

"ಇದೊಂದ ಸಲ ನೋಡ್ತೀನ್ರಿ. ಆಮ್ಯಾಲ ಡಾಕ್ಟರ್ ಹೇಳಿದಂಗ ಕೇಳ್ತೀನಿ," ಅಂದಳು.

ಅಂದು ಊಟಕ್ಕೆ ಕುಳಿತಾಗ ಅತ್ತೆಯ ಮುಂದೆ ವಿಷಯ ತೆಗೆದೆ.

"ಯಾರಿಗಿ ಹೊಡಿತಾಳ ಅಕಿ?" ಅಂದರು.

"ಕಾಗದಕ್ರಿ, ಅತ್ತಿ. ಕಾಗದದ ಮ್ಯಾಲೆ ಕರಿ ಬೊಟ್ಟು ಇರತೈತಿ."

"ಬರೇ ಕಾಗದಕ್ಕ? ಮತ್ತ್ಯಾಕ ಕೈ ಅಷ್ಟ ನೋವ ಮಾಡ್ಕೊಂಡಾಳ?"

ಮಾಡಬೇಡ ಎಂದು ಅವರು ಅನ್ನಲಿಲ್ಲ. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಹೊಸದನ್ನು ಕೆತ್ತುವ ಮೊದಲು ಇದ್ದುದರಲ್ಲೇ ಒಂದನ್ನು ಆರಿಸೋಣ ಎಂದು ಕೋಚ್ ಹೇಳಿದರು. ಅವರು ಸೈನ್ಯದಿಂದ ನಿವೃತ್ತರಾದವರು, ಮಾತು ಕಡಿಮೆ. ಅವರ ಟ್ರಂಕಿನಲ್ಲಿ ಬೇರೆ ಬೇರೆ ಅಳತೆಯ ಹಿಡಿಕೆಗಳಿದ್ದವು. ನನಗೆ ಗೊತ್ತಿದ್ದದ್ದು ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಬಟ್ಟಲನ್ನು ಪರೀಕ್ಷಿಸುವ ಒಂದು ಉಪಾಯ: ಒಳಗೆ ಲಿಪ್‌ಸ್ಟಿಕ್ ಸವರಿ ತೊಡಿಸುವುದು. ಎಲ್ಲಿ ಬಣ್ಣ ಹತ್ತುತ್ತದೋ ಅಲ್ಲಿ ಮೈ ತಾಗುತ್ತದೆ, ಎಲ್ಲಿ ಹತ್ತುವುದಿಲ್ಲವೋ ಅಲ್ಲಿ ಪೊಳ್ಳು. ಆಕೆಯ ಹಳೆಯ ಹಿಡಿಕೆಗೂ ಹಾಗೇ ಮಾಡಿದೆ. ಬೆರಳ ತುದಿಗಳಿಗೆ ಕೆಂಪು ಹತ್ತಿತ್ತು, ಹೆಬ್ಬೆರಳಿನ ಬುಡಕ್ಕೆ ದಟ್ಟವಾಗಿ ಹತ್ತಿತ್ತು; ಅಂಗೈಯ ಗುಂಡಿಯಲ್ಲಿ ಬಣ್ಣವೇ ಇರಲಿಲ್ಲ. ಅಂದರೆ ಅಂಗೈ ಹೊರಬೇಕಾದ ಭಾರವನ್ನೆಲ್ಲ ಹೆಬ್ಬೆರಳು ಹಿಸುಕಿ ಹಿಡಿದು ಹೊರುತ್ತಿತ್ತು.

ಚಿಕ್ಕ ಅಳತೆಯದನ್ನು ಹಾಕಿದರೆ ಅಂಗೈ ತುಂಬಿತು, ಆದರೆ ತೋರುಬೆರಳು ಕುದುರೆಯನ್ನು ದಾಟಿ ಮುಂದಕ್ಕೆ ಹೋಯಿತು. ಕುದುರೆ ಎಂದರೆ ಟ್ರಿಗರ್. ಅದನ್ನು ಬೆರಳಿನ ಮೆತ್ತನೆಯ ತುದಿಯಿಂದ ನೇರವಾಗಿ ಹಿಂದಕ್ಕೆ ಒತ್ತಬೇಕು, ಗೆಣ್ಣಿನಿಂದ ಎಳೆದರೆ ಗುಂಡು ಪಕ್ಕಕ್ಕೆ ಸರಿಯುತ್ತದೆ. ಮಧ್ಯಮ ಅಳತೆಯದರಲ್ಲಿ ಬೆರಳು ಸರಿಯಾಗಿ ಕೂತರೆ ಅಂಗೈಯಲ್ಲಿ ಮತ್ತೆ ಪೊಳ್ಳು. ರಬ್ಬರಿನ ಕವಚ ಹಾಕಿ ನೋಡಿದೆವು. ಕೈಗೆ ಮೆತ್ತಗೆ ಹಿತವೆನಿಸಿತು, ಆದರೆ ಪ್ರತಿ ಸಲ ಒತ್ತಿದಾಗಲೂ ಅದು ಒಂದೊಂದು ನಮೂನೆ ತಗ್ಗುತ್ತಿತ್ತು.

"ಹಿಡಿಕಿ ಮೆತ್ತಗ ಇರಬಾರದ್ರಿ ಮೇಡಂ. ಗಟ್ಟಿ ಇರಬೇಕು, ಆದ್ರ ಚುಚ್ಚಬಾರದು," ಎಂದರು ಕೋಚ್.

ಈ ಮಾತು ನನ್ನ ಕಸುಬಿಗೂ ಸಲ್ಲುತ್ತದೆ. ಹೊಸದನ್ನೇ ಮಾಡುವುದು ಎಂದಾಯಿತು.

ಅಚ್ಚು ತೆಗೆಯಲು ನಾನು ಸಾಮಾನ್ಯವಾಗಿ ಪ್ಲಾಸ್ಟರ್ ಬಳಸುತ್ತೇನೆ. ಆದರೆ ಅದು ಬೇಗ ಗಟ್ಟಿಯಾಗಿಬಿಡುತ್ತದೆ. ಇಲ್ಲಿ ಹಿಡಿದು, ಬಿಟ್ಟು, ತಿದ್ದಿ, ಮತ್ತೆ ಹಿಡಿಯಬೇಕಿತ್ತು. ಖಾನಾಪುರದ ಮಣ್ಣು ನೆನಪಾಯಿತು. ಒಂದು ಭಾನುವಾರ ಆಕೆಯ ಬಸ್ಸಿನಲ್ಲೇ ಹೋದೆ. ಕುಂಬಾರರ ಮನೆಯ ಹೆಂಗಸು ಹದ ಮಾಡಿದ ಕೆಂಪು ಮಣ್ಣನ್ನು ಒದ್ದೆ ಗೋಣಿಯಿಂದ ತೆಗೆದು ಕೊಡುತ್ತಾ, "ಏವಢೀಚ ಮಾತೀ? ಇಷ್ಟ ಸಾಕೇನ್ರಿ ಬಾಯಿ?" ಎಂದು ಮರಾಠಿ-ಕನ್ನಡ ಕೂಡಿಸಿ ಕೇಳಿದಳು. ಎರಡು ಮುಷ್ಟಿಯಷ್ಟು ಮಣ್ಣು ಒಯ್ಯಲು ಬೆಳಗಾವಿಯಿಂದ ಬಂದವರನ್ನು ಆ ಹೆಂಗಸು ಮೊದಲು ಕಂಡಿರಲಿಲ್ಲ.

ಕಂಡಕ್ಟರಳ ಮನೆ ಊರ ಅಂಚಿನಲ್ಲಿ, ಮಲಪ್ರಭೆಯ ಕಡೆಗೆ. ಹಿಂದೆ ಮಂದೆ ಕಾಯ್ದ ಮನೆತನ. ಈಗ ಹಿತ್ತಲಲ್ಲಿ ನಾಲ್ಕೈದು ಕುರಿ ಉಳಿದಿದ್ದವು. ಅವುಗಳನ್ನು ನೋಡಿಕೊಳ್ಳುವವಳು ಆಕೆಯ ತಾಯಿ. ಮಗಳ ಡ್ಯೂಟಿ ಮುಗಿದ ಮೇಲೆ ಪಡಸಾಲೆಯಲ್ಲಿ ಕುಳಿತು ಹಳೆಯ ಹಿಡಿಕೆಯ ಸುತ್ತ ಮಣ್ಣು ಮೆತ್ತಿದೆ, ಮಗಳು ಅದನ್ನು ಹಿಡಿದು ಕುಳಿತಳು. ನಾನು ಹೆಬ್ಬೆರಳಿನ ಜಾಗವನ್ನು ಸ್ವಲ್ಪ ಸ್ವಲ್ಪವೇ ತಿದ್ದುತ್ತಾ "ಈಗ ಹ್ಯಾಂಗೈತಿ? ನೋವೈತೇನು?" ಎಂದು ಕೇಳುತ್ತಿದ್ದೆ. "ಏನಿಲ್ರಿ, ಛಲೋ ಐತ್ರಿ," ಅನ್ನುತ್ತಿದ್ದಳು. ಹೇಗೆ ತಿದ್ದಿದರೂ ಅದೇ ಉತ್ತರ.

ಚಹಾ ತಂದ ತಾಯಿ ನಕ್ಕಳು. "ಅಕಿನ್ನ ಕೇಳಬ್ಯಾಡ್ರಿ. ನೋವಾತು ಅನ್ನೂ ಮಾತು ಅಕಿ ಬಾಯಾಗ ಬರೂದಿಲ್ಲ. ಮಾರಿ ನೋಡ್ರಿ, ಹುಬ್ಬು ಹೇಳತಾವ."

ಆಮೇಲಿಂದ ನಾನು ಹುಬ್ಬನ್ನೇ ನೋಡಿ ಅಚ್ಚು ತಿದ್ದಿದೆ.

ಆ ಅಚ್ಚು ಕೆಲಸಕ್ಕೆ ಬರಲಿಲ್ಲ. ಅದರಂತೆ ಮೊದಲ ಹಿಡಿಕೆ ಕೆತ್ತಿ ಪಿಸ್ತೂಲಿಗೆ ಜೋಡಿಸಿದಾಗ, ತೋಳು ಚಾಚಿದ ಕೂಡಲೇ ಕೊಳವೆಯ ತುದಿ ಕೆಳಕ್ಕೆ, ಎಡಕ್ಕೆ ವಾಲಿತು. ತಪ್ಪು ಎಲ್ಲಿ ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಕುಳಿತು, ಮೊಣಕೈ ಮಡಚಿ ಹಿಡಿದ ಕೈಯೇ ಬೇರೆ. ನಿಂತು, ಒಂದೇ ಕೈ ಚಾಚಿ, ಕಿಲೋ ಸಮೀಪದ ಭಾರ ಹೊತ್ತ ಕೈಯೇ ಬೇರೆ. ಕುಳಿತವನ ತೊಡೆಯ ಅಳತೆ ತೆಗೆದು ನಡೆಯುವ ಕಾಲು ಮಾಡಬಾರದೆಂದು ಗೊತ್ತಿದ್ದ ನಾನೇ ಹಾಗೆ ಮಾಡಿದ್ದೆ. ಪಿಸ್ತೂಲನ್ನು ಖಾನಾಪುರಕ್ಕೆ ಒಯ್ಯುವಂತಿಲ್ಲವಲ್ಲ, ಕೋಚ್ ಅಷ್ಟೇ ತೂಕದ ಕಬ್ಬಿಣದ ಪಟ್ಟಿಯೊಂದನ್ನು ಅದೇ ಉದ್ದಕ್ಕೆ ಮಾಡಿಸಿ ಕೊಟ್ಟರು. ತಾಯಿ ಗೋಡೆಯ ಮೇಲೆ ಇದ್ದಿಲಿನಿಂದ ಬೊಟ್ಟು ಬರೆದಳು. ಮಗಳು ಅದಕ್ಕೆ ತೋಳು ಚಾಚಿ ನಿಂತಳು, ಇಳಿಸಿದಳು, ಮತ್ತೆ ಎತ್ತಿದಳು. ಮಣ್ಣು ಈ ಸಲ ಬೇರೆಯೇ ಆಕಾರ ತಾಳಿತು. ಅಂಗೈ ತಳಕ್ಕೆ ಆಸರೆಯಾಗುವ ತಟ್ಟೆ ನಾನೆಣಿಸಿದ್ದಕ್ಕಿಂತ ಮೇಲೆ ಬಂತು, ಬೆರಳ ಹಳ್ಳಗಳು ಓರೆಯಾದವು.

ಒಡೆದು ಹಾಕಿದ ಯಾವುದೋ ಮನೆಯ ಸಾಗವಾನಿ ಚೌಕಟ್ಟಿನ ತುಂಡು ತಂದು, ಒಳಗೆ ಪಿಸ್ತೂಲಿನ ಲೋಹ ಕೂರುವ ಜಾಗವನ್ನು ಹಳೆಯದರ ಅಳತೆಯಲ್ಲೇ ಕೊರೆದೆ. ಹೊರಮೈಯನ್ನು ಕಾನಸು ಎಂಬ ಅರದಿಂದ ತೀಡಿ, ಲಿಪ್‌ಸ್ಟಿಕ್ ಸವರಿ, ಕೆಂಪು ದಟ್ಟವಾದಲ್ಲಿ ಮತ್ತೆ ತೀಡಿ, ಕ್ಲಬ್ಬಿಗೆ ಒಯ್ದು, ತಂದು, ಹೀಗೆ ನಡೆಯಿತು. ಅಂಗೈಯ ಪೊಳ್ಳು ಹೋಯಿತು. ಗುಂಡುಗಳು ಹತ್ತಿರ ಹತ್ತಿರ ಬೀಳತೊಡಗಿದವು. ಆದರೂ ಸರದಿಯ, ಅಂದರೆ ಅರವತ್ತು ಗುಂಡುಗಳ, ಅರ್ಧ ದಾಟಿದ ಮೇಲೆ ಆಕೆಯ ಹುಬ್ಬು ಗಂಟಿಕ್ಕುತ್ತಿತ್ತು. ಕಾರಣ ಹೆಬ್ಬೆರಳು. ಅದು ಮಲಗಲು ಚಪ್ಪಟೆಯಾದ ಮೆಟ್ಟಿಲೊಂದನ್ನು ಬಿಟ್ಟಿದ್ದೆ. ದಣಿದಾಗ ಸಡಿಲ ಕೀಲು ಆ ಮೆಟ್ಟಿಲಿನಿಂದ ಹೊರಕ್ಕೆ ಜಾರುತ್ತಿತ್ತು, ಜಾರದಂತೆ ಆಕೆ ಹಿಸುಕುತ್ತಿದ್ದಳು.

ಇಂಥ ಹೆಬ್ಬೆರಳುಗಳಿಗೆ ನಾನು ದಿನಾ ಗಟ್ಟಿ ಆಸರೆಯ ಪಟ್ಟಿ ಮಾಡುತ್ತೇನೆ. ಮಾಡಬೇಕಾದದ್ದು ಏನೆಂದು ಕೈಗೇ ಗೊತ್ತಿತ್ತು. ಮೆಟ್ಟಿಲಿನ ಹೊರ ಅಂಚಿಗೆ ಕಟ್ಟಿಗೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿ, ಸಣ್ಣದೊಂದು ಗೋಡೆ ಎಬ್ಬಿಸಿದೆ. ಅದರ ತುದಿ ಹೆಬ್ಬೆರಳಿನ ಮೇಲೆ ಕೂದಲೆಳೆಯಷ್ಟು ಬಾಗಿತ್ತು. ಕೋಚ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕೈಗೆ ಸುತ್ತುಗಟ್ಟಿ ಹಿಡಕೋಬಾರದು ಅಂತ ರೂಲ್ ಐತ್ರಿ. ಇದು ಹಿಡಕೊಂಡಿಲ್ಲ, ಬರೇ ಬಾಜು ನಿಂತೈತಿ. ನಡಿಬೇಕು."

ಆ ದಿನ ಆಕೆ ಸರದಿ ಪೂರ್ತಿ ಹೊಡೆದಳು. ಮುಗಿದ ಮೇಲೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತುಬಿಟ್ಟಳು. ಏನೋ ಆಯಿತೆಂದು ನಾನು ಗಾಬರಿಯಾಗಿ ಹತ್ತಿರ ಹೋದೆ.

"ಅಕ್ಕಾರ, ನೋವ ಇಲ್ರಿ," ಅಂದಳು.

ನೋವು ಎಂಬ ಶಬ್ದವನ್ನು ಆಕೆಯ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮೇಡಂ ಹೋಗಿ ಅಕ್ಕಾರ ಆದದ್ದೂ ಅಂದೇ.

ನಂತರದ ದಿನಗಳು ಚೆನ್ನಾಗಿದ್ದವು. ಆಕೆ ಡ್ಯೂಟಿ ಮುಗಿಸಿ ನೇರ ಕ್ಲಬ್ಬಿಗೆ ಬರುತ್ತಿದ್ದಳು, ಮೊದಲಿಗಿಂತ ಹೆಚ್ಚು ಹೊತ್ತು ಹೊಡೆಯುತ್ತಿದ್ದಳು. ಹಿಂದೆಂದೂ ಬಾರದ ಅಂಕಗಳು ಬರತೊಡಗಿದವು. ಕೋಚ್ ಗುರಿಕಾಗದಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ತೋರಿಸಿದರು. ತೂತುಗಳೆಲ್ಲ ಒಂದೇ ಕಡೆ. ನನ್ನ ಕಾರ್ಯಾಗಾರದಿಂದ ಹೊರಟವರು ಹೆಚ್ಚಾಗಿ ಕುಂಟುತ್ತಲೇ ಹೋಗುತ್ತಾರೆ, ಮೊದಲಿಗಿಂತ ಕಡಿಮೆ ಅಷ್ಟೇ. ಪೂರ್ತಿ ಸರಿಯಾದ ಒಂದು ಕೆಲಸ ಬದುಕಿನಲ್ಲಿ ಮಾಡಿದೆನಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಸ್ಪರ್ಧೆಯ ಹಿಂದಿನ ದಿನ ಸಲಕರಣೆಗಳ ತಪಾಸಣೆ. ತಪಾಸಣೆಯವರು ಬೇರೆ ಊರಿನಿಂದ ವಿಮಾನದಲ್ಲಿ ಬಂದಿದ್ದರು, ಕೋಚ್ ಅವರೇ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗಿ ಕರೆತಂದಿದ್ದರು. ಸೌಮ್ಯ ಮನುಷ್ಯ. ಪಿಸ್ತೂಲನ್ನು ಅಳತೆಯ ಪೆಟ್ಟಿಗೆಯಲ್ಲಿಟ್ಟು ನೋಡಿದರು, ಕುದುರೆಗೆ ತೂಕ ತೂಗಿಸಿದರು. ಎರಡೂ ಸರಿಯಿತ್ತು. ಆಮೇಲೆ ಆಕೆಗೆ ಪಿಸ್ತೂಲು ಹಿಡಿಯಲು ಹೇಳಿ, "ಈಗ ಹೆಬ್ಬೆರಳನ್ನು ನೇರವಾಗಿ ಮೇಲಕ್ಕೆ ಎತ್ತಿ," ಎಂದರು.

ಎತ್ತಲು ಹೋದಳು. ಬೆರಳು ಗೋಡೆಯ ಬಾಗಿದ ತುದಿಗೆ ತಾಗಿ ನಿಂತಿತು.

"ಇದು ನಡೆಯುವುದಿಲ್ಲಮ್ಮ. ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಎದ್ದು ಬರಬೇಕು. ಹಿಡಿಕೆ ಆಸರೆ ಕೊಡಬಹುದು, ಕೈಯನ್ನು ತಾನೇ ಹಿಡಿದುಕೊಳ್ಳಬಾರದು." ಹಿಡಿಕೆಯ ಮೇಲೆ ಕೈಯಾಡಿಸಿ ಕೇಳಿದರು, "ಯಾರು ಮಾಡಿದ್ದು ಇದನ್ನು?"

ನಾನು ಮಾಡಿದ್ದು ಎಂದೆ.

"ತುಂಬಾ ಚೆನ್ನಾಗಿ ಮಾಡಿದ್ದೀರಿ. ಅದಕ್ಕೇ ನಡೆಯುವುದಿಲ್ಲ."

ಕೀಲಿನ ತೊಂದರೆ ಹೇಳಿದೆ, ಡಾಕ್ಟರ ಚೀಟಿ ತೋರಿಸಿದೆ. ಅವರು ಓದಿದರು, ತಲೆಯಾಡಿಸಿದರು, ನಿಯಮ ಎಲ್ಲರಿಗೂ ಒಂದೇ ಎಂದರು. ಸಂಜೆಯೊಳಗೆ ಬೇರೆ ಹಿಡಿಕೆ ತಂದು ತೋರಿಸಿದರೆ ಮುದ್ರೆ ಹಾಕಿ ಕೊಡುವುದಾಗಿ ಹೇಳಿದರು. ಅವರದು ತಪ್ಪು ಎಂದು ಇಂದಿಗೂ ನನಗೆ ಅನ್ನಿಸಿಲ್ಲ.

ತಪಾಸಣೆಯ ಕೋಣೆಯ ಹೊರಗೆ ಬೇವಿನ ಗಿಡದ ಕೆಳಗೆ ಮೂವರೂ ನಿಂತೆವು.

"ಹಳೇದ ಹಾಕೋ ತಂಗಿ," ಎಂದರು ಕೋಚ್. "ಅದು ಎಷ್ಟ ಕೆಟ್ಟದ್ದಿದ್ರೂ ನಿನ್ನ ಕೈಗೆ ಗೊತ್ತೈತಿ. ಅದರ ನೋವು ಸುದ್ದಾ ಗೊತ್ತೈತಿ. ಹೊಸಾದರ ಗ್ವಾಡಿ ಈಗ ಕೊಯ್ದ್ರ ಅದು ಕೈಗೆ ಗೊತ್ತಿಲ್ಲದ ಮೂರನೇದ್ದೇ ಆಗತೈತಿ."

ನಾನು ಒಪ್ಪಲಿಲ್ಲ. "ಗ್ವಾಡಿ ಅಷ್ಟ ಹೋಗತೈತ್ರಿ ಸರ್. ಅಂಗೈ ಜಾಗಾ ಹಂಗ ಇರತೈತಿ, ಬೆರಳಿನ ಜಾಗಾನೂ ಹಂಗ. ಮುಕ್ಕಾಲು ಆರಾಮ ಉಳಿತೈತಿ. ಹಳೇದ್ರಾಗ ಏನ ಐತಿ?"

ಆಕೆ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು. "ನೀವು ಏನಂತೀರಿ, ಅಕ್ಕಾರ? ಹೇಳಿದಂಗ ಮಾಡ್ತೀನಿ."

"ಕೊಯ್ಯೂಣು," ಅಂದೆ.

ಶಿವಬಸವ ನಗರಕ್ಕೆ ಬಂದು ಹಿಡಿಕೆಯನ್ನು ಮೇಜಿನ ವೈಸಿನಲ್ಲಿ ಬಿಗಿದು, ಹ್ಯಾಕ್ಸಾ ಬ್ಲೇಡಿನಿಂದ ಗೋಡೆಯನ್ನು ಬುಡಕ್ಕೆ ಕೊಯ್ದೆ. ಕೆಲವು ನಿಮಿಷದ ಕೆಲಸ. ಆಕೆ ಬಾಜುವಿಗೇ ನಿಂತು ನೋಡಿದಳು. ಅಂಚನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಕೈಗೆ ಕೊಟ್ಟಾಗ ಹಿಡಿದು ನೋಡಿ, "ಛಲೋ ಐತ್ರಿ," ಅಂದಳು. ಪಡಸಾಲೆಯಲ್ಲಿ ಕೇಳಿದ್ದ ಅದೇ ದನಿ. ನನಗೆ ಗುರುತು ಸಿಗಬೇಕಿತ್ತು. ಸಂಜೆ ತಪಾಸಣೆಯವರು ಮುದ್ರೆ ಹಾಕಿ ಕೊಟ್ಟರು.

ಮರುದಿನ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಮೊದಲ ಗುಂಡುಗಳು ಚೆನ್ನಾಗಿಯೇ ಬಿದ್ದವು. ಕೋಚ್ ನನ್ನ ಕಡೆ ನೋಡಿ ತಲೆಯಾಡಿಸಿದರು. ಅರ್ಧ ಸರದಿಯ ಹೊತ್ತಿಗೆ ಆಕೆ ತೋಳು ಎತ್ತಿ, ಹೊಡೆಯದೆಯೇ ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಗುರಿಕಾರರು ಹಾಗೆ ಮಾಡುವುದು ಉಂಟು, ಮನಸ್ಸು ಒಪ್ಪದಿದ್ದರೆ ಹೊಡೆಯುವುದಿಲ್ಲ. ಆದರೆ ಆಕೆಯದು ಬೇರೆ. ಹಿಂದಿನಿಂದ ನನಗೆ ಹೆಬ್ಬೆರಳಷ್ಟೇ ಕಾಣುತ್ತಿತ್ತು. ಅದು ಮೆಟ್ಟಿಲಿನ ಮೇಲೆ ಹೊರಕ್ಕೆ ಹೊರಕ್ಕೆ ಸರಿಯುತ್ತಿತ್ತು, ಏನನ್ನೋ ತಡವುವ ಹಾಗೆ. ಅಂಕ ತೋರಿಸುವ ಪರದೆಯ ಮೇಲೆ ಹತ್ತಕ್ಕೆ ಎಂಟು ಬಂತು, ಆಮೇಲೆ ಏಳು. ಹೊತ್ತು ತೀರುತ್ತಾ ಬಂದಂತೆ ಅವಸರದಲ್ಲಿ ಹೊಡೆದಳು. ಅಂಕಗಳ ಪಟ್ಟಿ ಬಂದಾಗ ಆಕೆಯ ಹೆಸರು ಆಯ್ಕೆಯಾದವರ ಕೆಳಗಿತ್ತು, ಬಹಳ ಕೆಳಗೇನಲ್ಲ.

ಹೊರಗೆ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು. ಕೋಚ್ ಟ್ರಂಕಿಗೆ ಕೀಲಿ ಹಾಕುತ್ತಿದ್ದರು. ನಾನು ಏನೋ ಹೇಳಲು ಹೋದೆ.

"ನಿಮ್ಮ ಗ್ರಿಪ್ಪಿಂದು ತಪ್ಪಿಲ್ರಿ ಅಕ್ಕಾರ," ಅಂದಳು. "ಹೆಬ್ಬಟ್ಟು ಗ್ವಾಡಿ ಹುಡುಕಾಕತ್ತಿತ್ತು. ಇಲ್ಲ, ಬ್ಯಾಡ ಅಂದ್ರೂ ಕೇಳಲಿಲ್ಲ."

ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಹೇಳುತ್ತಿದ್ದರು: ಕೊಡಲಾಗದ ಕಾಲನ್ನು ಯಾರಿಗೂ ತೊಡಿಸಿ ನಡೆಸಿ ತೋರಿಸಬೇಡ. ಕಾಲಿನ ಬಗ್ಗೆ ಅದನ್ನು ನಾನು ಎಂದೂ ಮೀರಿಲ್ಲ. ಹಿಡಿಕೆಗೂ ಅದು ಸಲ್ಲುತ್ತದೆಂದು ಹೊಳೆಯಲಿಲ್ಲ. ನನ್ನ ಮುಂದೆ ಇದ್ದದ್ದು ಒಂದು ನೋಯುವ ಕೈ. ಅದಕ್ಕೆ ಹೊಂದುವುದೇ ನಿಯಮ ಎಂದುಕೊಂಡಿದ್ದೆ. ಆ ಆಟದ ನಿಯಮ ಬೇರೆ ಇದೆ, ಕೈ ತನ್ನನ್ನು ತಾನೇ ಹಿಡಿದುಕೊಳ್ಳಬೇಕು ಎನ್ನುವುದೇ ಅದರ ತಿರುಳು ಎಂದು ಮೊದಲೇ ಕೇಳಿ ತಿಳಿದಿದ್ದರೆ, ಗೋಡೆ ಇಲ್ಲದ ಸಾಧಾರಣ ಹಿಡಿಕೆಯನ್ನೇ ಮಾಡಿ ಕೊಡುತ್ತಿದ್ದೆ. ಎರಡು ತಿಂಗಳಲ್ಲಿ ಆಕೆಯ ಕೈ ಅದಕ್ಕೆ ಪಳಗುತ್ತಿತ್ತು. ಗೆಲ್ಲುತ್ತಿದ್ದಳೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ಕೋಚ್ ಹೇಳಿದಂತೆ ಹಳೆಯದರಲ್ಲೇ ಹೊಡೆದಿದ್ದರೆ ಏನಾಗುತ್ತಿತ್ತು ಎಂಬ ಮಾತನ್ನು ಅವರೂ ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಆಕೆ ಡಾಕ್ಟರಿಗೆ ಕೊಟ್ಟ ಮಾತು ಉಳಿಸಿಕೊಂಡಳು. ಹೆಬ್ಬೆರಳಿಗೆ ಪಟ್ಟಿಯನ್ನು ನಾನೇ ಮಾಡಿದೆ. ಅದಕ್ಕೆ ಯಾವ ನಿಯಮದ ಅಡ್ಡಿಯೂ ಇರಲಿಲ್ಲ, ಗೋಡೆಯನ್ನು ಎಷ್ಟು ಬೇಕೋ ಅಷ್ಟು ಎತ್ತರಿಸಿದೆ.

ಮಳೆಗಾಲ ಕಳೆದ ಮೇಲೆ ಖಾನಾಪುರದಲ್ಲಿ ಒಬ್ಬರ ಕಾಲಿನ ಅಳತೆ ತೆಗೆಯುವುದಿತ್ತು. ಹತ್ತಿದ ಬಸ್ಸು ಆಕೆಯದೇ. ಜನ ಕಡಿಮೆ ಇದ್ದರು. ಟಿಕೆಟು ಮುಗಿಸಿ ನನ್ನ ಬಾಜು ಬಂದು ಕುಳಿತಳು. ಬಲಗೈಗೆ ಪಟ್ಟಿ ಇತ್ತು, ಮಶೀನನ್ನು ಎಡಗೈಯಿಂದ ಒತ್ತುವುದು ರೂಢಿಯಾಗಿತ್ತು. ಕ್ಲಬ್ಬಿಗೆ ಹೋಗುವುದನ್ನು ಬಿಟ್ಟಿದ್ದಾಳೆಂದು ಕೋಚ್ ಹೇಳಿದ್ದರು.

ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದೆ. "ಮಣ್ಣಿನ ಅಚ್ಚು ಇನ್ನೂ ಇಟ್ಟೀನಿ. ಗ್ವಾಡಿ ಇದ್ದ ಹಿಡಿಕಿ ಇನ್ನೊಂದು ಮಾಡಿಕೊಡ್ತೀನಿ. ಸ್ಪರ್ಧಾ ಬ್ಯಾಡ. ಸುಮ್ಮನ ವಾರಕ್ಕೊಮ್ಮೆ ಹೋಗಿ ಹತ್ತು ಗುಂಡು ಹೊಡಿ. ಕ್ಲಬ್ಬಿನ್ಯಾಗ ಯಾರ ನೋಡ್ತಾರ?"

ಆಕೆ ಟಿಕೆಟಿನ ಮಶೀನನ್ನು ಚೀಲದೊಳಗಿಟ್ಟಳು.

"ಬ್ಯಾಡ್ರಿ ಅಕ್ಕಾರ. ಅಷ್ಟ ವರ್ಷ ಹಳೇದ್ರಾಗ ಹೊಡದೆ. ಅದು ನೋವು ಅಂತನ ನನಗ ಗೊತ್ತಿರಲಿಲ್ಲ. ಪಿಸ್ತೂಲು ಅಂದ್ರ ಹಿಂಗ ಇರತೈತಿ ಅಂತ ತಿಳಕೊಂಡಿದ್ದೆ. ನಿಮ್ಮ ಹಿಡಿಕಿ ಬಂದಮ್ಯಾಲೆ ಗೊತ್ತಾತು." ಪಟ್ಟಿಯ ಮೇಲೆ ಎಡಗೈ ಇಟ್ಟುಕೊಂಡಳು. "ಆರಾಮ ಅಂದ್ರ ಏನಂತ ಒಮ್ಮೆ ಗೊತ್ತಾದ ಕೈ ಇದು. ಗ್ವಾಡಿ ಇದ್ದದ್ದು ಸ್ಪರ್ಧಾಕ್ಕ ನಡಿಯೂದಿಲ್ಲ, ಇಲ್ಲದ್ದನ್ನ ಈ ಕೈ ಒಲ್ಲದು. ಹಿಂದಿನಂಗ ಮಾಡೂದು ಹ್ಯಾಂಗ್ರಿ?"

ಮುಂದಿನ ನಿಲ್ದಾಣದಲ್ಲಿ ಬುಟ್ಟಿ ಹಿಡಿದ ನಾಲ್ಕು ಜನ ಹೆಂಗಸರು ಹತ್ತಿದರು. ಆಕೆ ಎದ್ದು, ಒಂದು ಬುಟ್ಟಿಯನ್ನು ಎಡಗೈಯಿಂದ ಎಳೆದು ಸೀಟಿನ ಕೆಳಗೆ ಸರಿಸಿ, "ಒಳಗ ಬರ್ರಿ ಯಕ್ಕಾ, ಬಾಗಲಾಗ ನಿಂದರಬ್ಯಾಡ್ರಿ," ಅನ್ನುತ್ತಾ ಅವರ ಕಡೆ ಹೋದಳು.